ಐರ್ಲೆಂಡಿನ ಪ್ರಾಥಮಿಕ ಶಾಲೆಯ ಮೊದಲ ಅವಧಿ: ಕನ್ನಡ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಕೊನೆಯಲ್ಲಿ ಶಾಲೆ ತೆರೆದ ದಿನದಿಂದ ಕ್ರಿಸ್ಮಸ್ ರಜೆಯವರೆಗಿನ ಅವಧಿಯಲ್ಲಿ ಐರ್ಲೆಂಡಿನ ಪ್ರಾಥಮಿಕ ಶಾಲೆಗಳು ಪೋಷಕರಿಗೆ ಕಳುಹಿಸುವಷ್ಟು ಸೂಚನೆಗಳನ್ನು ವರ್ಷದ ಬೇರೆ ಯಾವ ಕಾಲದಲ್ಲೂ ಕಳುಹಿಸುವುದಿಲ್ಲ. ಈಜು ತರಬೇತಿ, ಗಣಿತ ವಾರ, ಹ್ಯಾಲೋವೀನ್ ವೇಷ, ಶೂ ಡಬ್ಬಿಯ ಉಡುಗೊರೆ, ಪೋಷಕರ ಸಭೆ, ಲಸಿಕೆಯ ಒಪ್ಪಿಗೆ ಪತ್ರ ಹೀಗೆ ಒಂದರ ಹಿಂದೊಂದು ಬರುವ ಸಂದೇಶಗಳಲ್ಲಿ ಯಾವುದು ಕಡ್ಡಾಯ, ಯಾವುದು ಐಚ್ಛಿಕ, ಯಾವುದಕ್ಕೆ ಹಣ ಕಟ್ಟಬೇಕು ಎಂಬುದು ಕರ್ನಾಟಕದಿಂದ ಹೊಸದಾಗಿ ಬಂದ ಕುಟುಂಬಗಳಿಗೆ ಸುಲಭವಾಗಿ ತಿಳಿಯುವುದಿಲ್ಲ. ಕಿರು ಪರೀಕ್ಷೆ, ಅಂಕಪಟ್ಟಿ, ರ‍್ಯಾಂಕ್ ಯಾವುದೂ ಕಾಣದಿದ್ದಾಗ, ಇಲ್ಲಿ ಪಾಠ ನಡೆಯುತ್ತದೆಯೇ ಎಂಬ ಆತಂಕವೂ ಸಹಜ. ಈ ಚಟುವಟಿಕೆಗಳನ್ನು ಪಾಠದ ನಡುವಿನ ಬಿಡುವು ಎಂದು ನೋಡದೆ ಪಾಠದ ಭಾಗವೆಂದೇ ನೋಡಿದರೆ ಮಗುವಿಗೂ ಮನೆಯವರಿಗೂ ಮೊದಲ ವರ್ಷ ಬಹಳ ಹಗುರವಾಗುತ್ತದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಕೆಳಗಿನ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆಯಲಾಗಿದೆ.

ಮೊದಲ ಅವಧಿ ಯಾವಾಗ ಆರಂಭವಾಗುತ್ತದೆ? ರಜೆಗಳು ಯಾವಾಗ?

ಶಾಲೆಗಳು ಆಗಸ್ಟ್ ಕೊನೆಯ ವಾರದಲ್ಲಿ ಅಥವಾ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ತೆರೆಯುತ್ತವೆ. ಆರಂಭದ ದಿನವನ್ನು ಆಯಾ ಶಾಲೆಯೇ ನಿರ್ಧರಿಸುವುದರಿಂದ ಪಕ್ಕದ ಬೀದಿಯ ಶಾಲೆ ಎರಡು ದಿನ ಮೊದಲೇ ತೆರೆದಿದ್ದರೂ ಗಾಬರಿಪಡಬೇಕಿಲ್ಲ. ಮಧ್ಯಾವಧಿ ರಜೆ ಮತ್ತು ಕ್ರಿಸ್ಮಸ್ ರಜೆ ಮಾತ್ರ ದೇಶಕ್ಕೆಲ್ಲ ಒಂದೇ. ಅಕ್ಟೋಬರ್ ತಿಂಗಳ ಕೊನೆಯ ಸೋಮವಾರ ಸಾರ್ವಜನಿಕ ರಜೆಯಾಗಿದ್ದು, ಆ ವಾರ ಪೂರ್ತಿ ಶಾಲೆಗೆ ಬಿಡುವು ಇರುತ್ತದೆ. ಉದಾಹರಣೆಗೆ 2025ರಲ್ಲಿ ಮಧ್ಯಾವಧಿ ರಜೆ ಅಕ್ಟೋಬರ್ 27ರಿಂದ 31ರವರೆಗೆ ಇತ್ತು. ಡಿಸೆಂಬರ್ 19ರ ಶುಕ್ರವಾರ ಮುಚ್ಚಿದ ಶಾಲೆಗಳು 2026ರ ಜನವರಿ 5ರಂದು ತೆರೆದವು. ಇವುಗಳಲ್ಲದೆ ಶಿಕ್ಷಕರ ತರಬೇತಿಗಾಗಿ ಅಲ್ಲೊಂದು ಇಲ್ಲೊಂದು ದಿನ ಶಾಲೆ ಮುಚ್ಚುವುದುಂಟು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ಶಾಲೆಯ ವಾರ್ಷಿಕ ಕ್ಯಾಲೆಂಡರನ್ನು ಸೆಪ್ಟೆಂಬರಿನಲ್ಲಿಯೇ ತೆಗೆದುಕೊಂಡು ಆ ದಿನಗಳನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ನಮ್ಮ ಮಗು ಭಾರತದಲ್ಲಿ ಯುಕೆಜಿ ಮುಗಿಸಿದೆ. ಇಲ್ಲಿ ಯಾವ ತರಗತಿ?

ಇಲ್ಲಿ ಪ್ರಾಥಮಿಕ ಶಿಕ್ಷಣ ಎಂಟು ವರ್ಷಗಳದ್ದು: ಜೂನಿಯರ್ ಇನ್ಫಂಟ್ಸ್, ಸೀನಿಯರ್ ಇನ್ಫಂಟ್ಸ್, ಆಮೇಲೆ ಒಂದರಿಂದ ಆರನೆಯ ತರಗತಿ. ನಾಲ್ಕು ವರ್ಷ ತುಂಬಿದ ಮಗುವನ್ನು ಸೇರಿಸಬಹುದು; ಆರು ವರ್ಷಕ್ಕೆ ಶಿಕ್ಷಣ ಕಡ್ಡಾಯವಾಗುತ್ತದೆ. ತರಗತಿಯನ್ನು ಮುಖ್ಯವಾಗಿ ವಯಸ್ಸು ನೋಡಿ ನಿರ್ಧರಿಸುತ್ತಾರೆಯೇ ಹೊರತು ಊರಿನಲ್ಲಿ ಎಷ್ಟು ಓದಿದೆ ಎಂಬುದರಿಂದ ಅಲ್ಲ. ಮಗುವಿಗೆ ಕೂಡುವುದು ಕಳೆಯುವುದು ಆಗಲೇ ಬರುತ್ತದೆ ಎಂಬ ಕಾರಣಕ್ಕೆ ಮೇಲಿನ ತರಗತಿಗೆ ಹಾಕಿಸಲು ಒತ್ತಾಯಿಸಬೇಡಿ. ಸಮವಯಸ್ಕರ ಜೊತೆ ಕೂತು ಆಡುವುದನ್ನು ಇಲ್ಲಿ ಲೆಕ್ಕಕ್ಕಿಂತ ಮುಖ್ಯವೆಂದು ಪರಿಗಣಿಸುತ್ತಾರೆ, ಮತ್ತು ಆ ನಿಲುವು ಸರಿಯಾದದ್ದೇ.

ಸೆಪ್ಟೆಂಬರಿನ ಮೊದಲ ವಾರಗಳಲ್ಲಿ ಪುಟ್ಟ ಮಕ್ಕಳನ್ನು ಮಧ್ಯಾಹ್ನಕ್ಕೇ ಏಕೆ ಬಿಡುತ್ತಾರೆ?

ಶಾಲೆಯ ದಿನ ಸಾಮಾನ್ಯವಾಗಿ 5 ಗಂಟೆ 40 ನಿಮಿಷ. ಇನ್ಫಂಟ್ಸ್ ತರಗತಿಗಳಿಗೆ ಅದಕ್ಕಿಂತ ಒಂದು ಗಂಟೆ ಕಡಿಮೆ. ಜೂನಿಯರ್ ಇನ್ಫಂಟ್ಸ್ ಮಕ್ಕಳಿಗೆ ಮೊದಲ ಒಂದೆರಡು ವಾರ ಇನ್ನೂ ಬೇಗ, ಹನ್ನೆರಡು ಗಂಟೆಯ ಆಸುಪಾಸಿನಲ್ಲಿ, ಬಿಡುವ ರೂಢಿ ಅನೇಕ ಶಾಲೆಗಳಲ್ಲಿದೆ. ಆಫೀಸಿನಿಂದ ರಜೆ ಹಾಕಬೇಕಾಗುವುದರಿಂದ ಇದು ತೊಡಕೇ ನಿಜ. ಆದರೆ ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದ ನಾಲ್ಕು ವರ್ಷದ ಮಗು ಅಪರಿಚಿತ ಮಾತುಗಳ ನಡುವೆ ಕೂತು ಮೂರು ಗಂಟೆಗೇ ದಣಿದಿರುತ್ತದೆ ಎಂಬುದನ್ನು ನೆನಪಿಡಬೇಕು.

ಈ ವಾರಗಳಲ್ಲಿ ಶಿಕ್ಷಕರು ಬಯಸುವುದು ಅಕ್ಷರಜ್ಞಾನವನ್ನಲ್ಲ. ಕೋಟಿನ ಜಿಪ್ ತಾನೇ ಎಳೆದುಕೊಳ್ಳುವುದು, ಊಟದ ಡಬ್ಬಿಯ ಮುಚ್ಚಳ ತೆರೆಯುವುದು, ಶೌಚಾಲಯಕ್ಕೆ ಹೋಗಿ ಬಟ್ಟೆ ಸರಿಪಡಿಸಿಕೊಂಡು ಕೈ ತೊಳೆಯುವುದು, ತನ್ನ ಸರದಿಗೆ ಕಾಯುವುದು ಇಷ್ಟು ಬಂದರೆ ಸಾಕು. ಲೇಸಿನ ಶೂಗಳಿಗಿಂತ ಅಂಟುಪಟ್ಟಿಯ ಶೂಗಳೇ ಸೂಕ್ತ. ಅಕ್ಷರ ಹೇಳಿಕೊಡುವುದಾದರೆ ಎ, ಬಿ, ಸಿ ಎಂಬ ಹೆಸರುಗಳಿಗಿಂತ ಅವುಗಳ ಧ್ವನಿಯನ್ನು, ದೊಡ್ಡಕ್ಷರಗಳಿಗಿಂತ ಚಿಕ್ಕಕ್ಷರಗಳನ್ನು ಹೇಳಿಕೊಡಿ. ಶಾಲೆಯಲ್ಲಿ ಶುರುವಾಗುವುದು ಅಲ್ಲಿಂದಲೇ.

ಪುಸ್ತಕ, ಸಮವಸ್ತ್ರ ಮತ್ತು ದೇಣಿಗೆಗೆ ಎಷ್ಟು ಹಣ ಬೇಕು?

2023ರ ಸೆಪ್ಟೆಂಬರಿನಿಂದ ಸರ್ಕಾರಿ ಅನುದಾನದ ಪ್ರಾಥಮಿಕ ಶಾಲೆಗಳಲ್ಲಿ ಪಠ್ಯಪುಸ್ತಕ, ಅಭ್ಯಾಸ ಪುಸ್ತಕ ಮತ್ತು ನೋಟ್‌ಬುಕ್‌ಗಳು ಉಚಿತ. ಸಮವಸ್ತ್ರ ಮಾತ್ರ ನಿಮ್ಮ ಖರ್ಚು. ಸ್ವೆಟರಿನ ಮೇಲೆ ಶಾಲೆಯ ಲಾಂಛನ ಬೇಕೆಂದಿದ್ದರೂ ಬೂದು ಪ್ಯಾಂಟು, ಲಂಗ, ಬಿಳಿ ಅಂಗಿಗಳನ್ನು ಸಾಧಾರಣ ಅಂಗಡಿಗಳಲ್ಲಿಯೇ ಕೊಳ್ಳಬಹುದು. ವರಮಾನ ಕಡಿಮೆ ಇರುವ ಕುಟುಂಬಗಳಿಗೆ ಬಟ್ಟೆ ಮತ್ತು ಪಾದರಕ್ಷೆಗಾಗಿ ಸರ್ಕಾರದ ಭತ್ಯೆಯಿದೆ. ಅದರ ಅರ್ಜಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ 30.

ಸ್ವಯಂಪ್ರೇರಿತ ದೇಣಿಗೆ ಎಂಬ ಹೆಸರಿನಲ್ಲಿ ಬರುವ ಪತ್ರದ ಬಗ್ಗೆ ಬಹಳ ಮಂದಿ ಸಂಕೋಚದಿಂದ ಕೇಳುತ್ತಾರೆ. ಅದು ನಿಜಕ್ಕೂ ಸ್ವಯಂಪ್ರೇರಿತ. ಕೊಡಲಾಗದಿದ್ದರೆ ಮಗುವಿನ ಪ್ರವೇಶಕ್ಕಾಗಲಿ ಪಾಠಕ್ಕಾಗಲಿ ಯಾವ ಅಡ್ಡಿಯೂ ಬರಕೂಡದು. ಕೊಡಬಲ್ಲವರು ಕೊಟ್ಟರೆ ಶಾಲೆಗೆ ಅನುಕೂಲ, ಅಷ್ಟೇ.

ಊಟದ ಡಬ್ಬಿಗೆ ಏನು ಹಾಕಬೇಕು? ಶಾಲೆಯ ಬಿಸಿಯೂಟದಲ್ಲಿ ಸಸ್ಯಾಹಾರ ಸಿಗುತ್ತದೆಯೇ?

ಮೊದಲು ಅತಿ ಮುಖ್ಯವಾದ ವಿಷಯ: ಬಹುತೇಕ ಶಾಲೆಗಳಲ್ಲಿ ಕಡಲೆಕಾಯಿ ಮತ್ತು ಗೋಡಂಬಿ, ಬಾದಾಮಿಯಂಥ ಬೀಜಗಳಿಗೆ ಅವಕಾಶವಿಲ್ಲ. ನಮ್ಮ ಅಡುಗೆಯಲ್ಲಿ ಕಡಲೆಕಾಯಿ ಎಲ್ಲೆಲ್ಲಿ ಸೇರಿರುತ್ತದೆ ಎಂಬುದು ನಮಗೇ ನೆನಪಿರುವುದಿಲ್ಲ. ಚಿತ್ರಾನ್ನದ ಒಗ್ಗರಣೆ, ಅವಲಕ್ಕಿ, ಪುಳಿಯೋಗರೆ, ಚಪಾತಿಯ ಜೊತೆಗಿನ ಶೇಂಗಾ ಚಟ್ನಿಪುಡಿ, ಬದನೆಕಾಯಿ ಎಣ್ಣೆಗಾಯಿ, ಸಂಜೆಯ ಚಿಕ್ಕಿ ಇವೆಲ್ಲವನ್ನೂ ಡಬ್ಬಿಗೆ ಹಾಕುವ ಮುನ್ನ ಯೋಚಿಸಬೇಕು. ತೀವ್ರ ಅಲರ್ಜಿಯಿರುವ ಮಗು ಪಕ್ಕದಲ್ಲೇ ಕೂತಿದ್ದರೆ ಕೈಗೆ ಅಂಟಿದ ಚಟ್ನಿಪುಡಿಯೂ ಅಪಾಯ ತರಬಲ್ಲದು. ಇದರಲ್ಲಿ ರಾಜಿ ಸಲ್ಲದು.

ಮನೆಯಿಂದ ಒಯ್ದ ಊಟವನ್ನು ಬಿಸಿ ಮಾಡುವ ವ್ಯವಸ್ಥೆ ಇರುವುದಿಲ್ಲ. ಬೆಳಿಗ್ಗೆ ಹತ್ತು ನಿಮಿಷದ ಸಣ್ಣ ಬಿಡುವು, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು. ಅದರಲ್ಲಿ ತಿನ್ನಲು ಸಿಗುವುದು ಹತ್ತೇ ನಿಮಿಷವಾದರೆ, ಉಳಿದ ಸಮಯ ಅಂಗಳದ ಆಟಕ್ಕೆ ಹೋಗುತ್ತದೆ. ಆದ್ದರಿಂದ ಕಲಸಿ ತಿನ್ನಬೇಕಾದ ಅನ್ನ ಸಾರಿಗಿಂತ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಮೇಲು. ಸುರುಳಿ ಸುತ್ತಿದ ಚಪಾತಿ, ಚಿಕ್ಕ ಇಡ್ಲಿ, ತುಂಡು ಮಾಡಿದ ದೋಸೆ, ಹಣ್ಣು ಚೆನ್ನಾಗಿ ನಡೆಯುತ್ತವೆ. ಚಾಕೊಲೇಟ್, ಚಿಪ್ಸ್, ಸಕ್ಕರೆ ಪಾನೀಯಗಳನ್ನು ಹೆಚ್ಚಿನ ಶಾಲೆಗಳು ಬೇಡವೆನ್ನುತ್ತವೆ.

ಬಿಸಿಯೂಟದ ಯೋಜನೆ 2019ರಲ್ಲಿ ಕೆಲವೇ ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ಈಗ ದೇಶದೆಲ್ಲೆಡೆ ಹಬ್ಬಿದೆ. ಕರ್ನಾಟಕದ ಶಾಲೆಗಳಂತೆ ಅಲ್ಲಿಯೇ ಬೇಯಿಸಿ ಬಡಿಸುವುದಿಲ್ಲ. ಹೊರಗಿನ ಸರಬರಾಜುದಾರರು ಪ್ರತಿ ಮಗುವಿನ ಹೆಸರಿಗೆ ಪ್ರತ್ಯೇಕ ಡಬ್ಬಿ ತಂದು ಕೊಡುತ್ತಾರೆ. ಏನು ಬೇಕೆಂದು ಪೋಷಕರು ಮುಂಚಿತವಾಗಿ ಆ್ಯಪ್‌ನಲ್ಲಿ ಆರಿಸಬೇಕು. ಸಸ್ಯಾಹಾರದ ಆಯ್ಕೆ ಇರುತ್ತದೆ, ಆದರೆ ಅದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು ಪದಾರ್ಥಗಳ ಪಟ್ಟಿಯನ್ನು ಓದಿಯೇ ಆರಿಸಬೇಕು. ಊಟ ಉಚಿತ. ಬೇಡವೆನ್ನುವ ಸ್ವಾತಂತ್ರ್ಯವೂ ಇದೆ.

ಮಳೆಯಲ್ಲೂ ಮಕ್ಕಳನ್ನು ಹೊರಗೆ ಬಿಡುತ್ತಾರಂತೆ, ನಿಜವೇ?

ನಿಜ. ತುಂತುರು ಮಳೆಯಲ್ಲಿ ಮಕ್ಕಳು ಅಂಗಳದಲ್ಲಿ ಓಡಾಡುವುದು ಇಲ್ಲಿ ಸಾಮಾನ್ಯ. ಜೋರು ಮಳೆಯಾದರೆ ಮಾತ್ರ ಒಳಗೆ ಕೂರಿಸುತ್ತಾರೆ. ಟೋಪಿಯಿರುವ ಜಲನಿರೋಧಕ ಕೋಟು, ಬ್ಯಾಗಿನಲ್ಲಿ ಒಂದು ಜೊತೆ ಒಣ ಕಾಲುಚೀಲ, ಮತ್ತು ಪ್ರತಿಯೊಂದರ ಮೇಲೆ ಮಗುವಿನ ಹೆಸರು ಬೇಕು. ಒಂದೇ ಬಣ್ಣದ ಮೂವತ್ತು ಸ್ವೆಟರುಗಳ ರಾಶಿಯಲ್ಲಿ ಹೆಸರಿಲ್ಲದ ಸ್ವೆಟರ್ ಮರಳಿ ಸಿಗುವುದು ಕಷ್ಟ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಸಂಜೆ ಬೇಗ ಕತ್ತಲಾಗುತ್ತದೆ; ಡಿಸೆಂಬರ್ ಮಧ್ಯದಲ್ಲಿ ಡಬ್ಲಿನ್‌ನಲ್ಲಿ ನಾಲ್ಕು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಬೆಳಿಗ್ಗೆ ಎಂಟೂವರೆಯ ನಂತರವಷ್ಟೇ ಹುಟ್ಟುತ್ತಾನೆ. ಹೊಸದಾಗಿ ಶಾಲೆ ಸೇರಿದ ಮಕ್ಕಳಿಗೆ ರಸ್ತೆ ಸುರಕ್ಷತಾ ಪ್ರಾಧಿಕಾರ ಕೊಡುವ ಹೊಳೆಯುವ ಹಳದಿ ಜಾಕೆಟನ್ನು ಕಪಾಟಿನಲ್ಲಿಡದೆ ನಡೆದು ಹೋಗುವಾಗ ತಪ್ಪದೆ ಹಾಕಿಸಿ.

ಬಿರುಗಾಳಿಯ ಮುನ್ಸೂಚನೆಯನ್ನು ಹವಾಮಾನ ಇಲಾಖೆಯಾದ ಮೆಟ್ ಏರನ್ ಹಳದಿ, ಕಿತ್ತಳೆ, ಕೆಂಪು ಎಂದು ಮೂರು ಹಂತಗಳಲ್ಲಿ ನೀಡುತ್ತದೆ. ಕೆಂಪು ಎಚ್ಚರಿಕೆ ಬಂದರೆ ಶಾಲೆ ಮುಚ್ಚುವುದು ಬಹುತೇಕ ಖಚಿತ. 2017ರ ಅಕ್ಟೋಬರ್ 16ರಂದು ಒಫೀಲಿಯಾ ಬಿರುಗಾಳಿ ಬಂದಾಗ ಆ ದಿನವೂ ಮರುದಿನವೂ ದೇಶದ ಎಲ್ಲ ಶಾಲೆಗಳನ್ನು ಮುಚ್ಚಲಾಗಿತ್ತು.

ಐರಿಷ್ ಭಾಷೆ ಕಡ್ಡಾಯವೇ? ನಮಗೆ ಒಂದಕ್ಷರವೂ ಬಾರದಿರುವಾಗ ಮಗುವಿಗೆ ಹೇಗೆ ನೆರವಾಗುವುದು?

ಕಡ್ಡಾಯ. ವಿನಾಯಿತಿಯ ನಿಯಮಗಳು ಬಿಗಿಯಾಗಿವೆ; ಸಾಮಾನ್ಯವಾಗಿ 12 ವರ್ಷ ತುಂಬಿದ ಮೇಲೆ ಹೊರದೇಶದಿಂದ ಬಂದು ಸೇರುವವರಿಗೆ ಅಥವಾ ಕಲಿಕೆಯಲ್ಲಿ ತೀವ್ರ ಹಾಗೂ ನಿರಂತರ ತೊಂದರೆಯಿರುವವರಿಗೆ ಮಾತ್ರ ಅದು ಸಿಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಬಂದ ಮಗುವಿಗೆ ವಿನಾಯಿತಿ ಕೇಳುವ ಅಗತ್ಯವೂ ಇಲ್ಲ. ಐದು ವರ್ಷದ ಮಗುವಿಗೆ ತರಗತಿಯ ಎಲ್ಲರ ಜೊತೆ ಶೂನ್ಯದಿಂದ ಶುರುವಾಗುವ ವಿಷಯ ಇದೊಂದೇ. ಇಂಗ್ಲಿಷಿನಲ್ಲಿ ಹಿಂದಿರುವ ಮಗುವಿಗೂ ಇಲ್ಲಿ ಸಮಾನ ನೆಲೆಯಿದೆ. ಇನ್ಫಂಟ್ಸ್ ತರಗತಿಯ ಮಕ್ಕಳು ಮೊದಲ ತಿಂಗಳಲ್ಲೇ ಕಲಿಯುವ ವಾಕ್ಯವೆಂದರೆ ಶೌಚಾಲಯಕ್ಕೆ ಹೋಗಲು ಅನುಮತಿ ಕೇಳುವುದು: "ಅನ್ ವಿಲ್ ಕ್ಯಾಡ್ ಅಗಮ್ ಡುಲ್ ಗೊ ಡೀ ಅನ್ ಲೆಹರಸ್." ಇದನ್ನು ಮನೆಯಲ್ಲಿ ನಾಲ್ಕು ಸಲ ಹೇಳಿಸಿ. ಮಗು ಕಲಿತು ಬಂದ ಪದಗಳನ್ನು ನಿಮಗೇ ಕಲಿಸಲು ಹೇಳಿ. ಅಪ್ಪ ಅಮ್ಮನಿಗೆ ಪಾಠ ಹೇಳುವ ಖುಷಿಯಲ್ಲಿ ಅದು ಮರೆಯುವುದಿಲ್ಲ.

ಇಂಗ್ಲಿಷ್ ಬೇಗ ಬರಲಿ ಎಂದು ಮನೆಯಲ್ಲಿ ಕನ್ನಡ ಬಿಡಬೇಕೇ?

ಖಂಡಿತ ಬೇಡ. ಮನೆಯ ಮಾತು ಗಟ್ಟಿಯಾಗಿರುವ ಮಗು ಎರಡನೆಯ ಭಾಷೆಯನ್ನು ಸುಲಭವಾಗಿ ಕಲಿಯುತ್ತದೆ ಎಂದು ಇಲ್ಲಿನ ಶಿಕ್ಷಕರೂ ಹೇಳುತ್ತಾರೆ. ಇಂಗ್ಲಿಷ್ ಹೊಸದಾಗಿರುವ ಮಕ್ಕಳಿಗಾಗಿ ಶಾಲೆಯಲ್ಲಿ ಹೆಚ್ಚುವರಿ ಪಾಠದ ವ್ಯವಸ್ಥೆಯಿದೆ. ಇಬ್ಬರು ಮೂವರು ಮಕ್ಕಳನ್ನು ಸ್ವಲ್ಪ ಹೊತ್ತು ಬೇರೆ ಕೋಣೆಗೆ ಕರೆದೊಯ್ದರೆ ಅದನ್ನು ಮಗು ದಡ್ಡ ಎಂಬ ಸೂಚನೆಯೆಂದು ತಿಳಿಯಬಾರದು. ಅದು ನೆರವು, ಮತ್ತು ಕೇಳಿ ಪಡೆಯಬೇಕಾದ ನೆರವು.

ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಎಂದು ಸೂಚನೆ ಬಂದಿದೆ. ಕೋಲು ಬೀಸುವ ಆಟ ಅಪಾಯಕಾರಿಯಲ್ಲವೇ?

1884ರಲ್ಲಿ ಟಿಪ್ಪರೇರಿಯ ಥರ್ಲ್ಸ್ ಪಟ್ಟಣದಲ್ಲಿ ಸ್ಥಾಪನೆಯಾದ ಗೇಲಿಕ್ ಕ್ರೀಡಾ ಸಂಘಟನೆ ಇಂದು ಪ್ರತಿ ಹಳ್ಳಿಯಲ್ಲೂ ಕ್ಲಬ್ ಹೊಂದಿದ್ದು, ಅದರ ತರಬೇತುದಾರರು ಶಾಲೆಗಳಿಗೆ ಬಂದು ಆಟ ಕಲಿಸುತ್ತಾರೆ. ಹರ್ಲಿಂಗ್‌ನಲ್ಲಿ ಮುಖಕ್ಕೆ ಕಬ್ಬಿಣದ ಜಾಲರಿಯಿರುವ ಹೆಲ್ಮೆಟ್ ಕಡ್ಡಾಯ, ಗೇಲಿಕ್ ಫುಟ್‌ಬಾಲ್‌ನಲ್ಲಿ ಹಲ್ಲಿನ ರಕ್ಷಣೆಗೆ ಮೌತ್‌ಗಾರ್ಡ್ ಕಡ್ಡಾಯ. ಪುಟ್ಟ ಮಕ್ಕಳಿಗೆ ಮೆತ್ತನೆಯ ಚೆಂಡು, ಅವರ ಎತ್ತರಕ್ಕೆ ತಕ್ಕ ಕೋಲು ಕೊಡುತ್ತಾರೆ. ಹುಡುಗಿಯರು ಆಡುವ ಹರ್ಲಿಂಗ್‌ಗೆ ಕಮೋಗಿ ಎಂದು ಹೆಸರು. ಶಾಲೆಗಳ ನಡುವಿನ ಪಂದ್ಯಗಳನ್ನು ಕುಮನ್ ನ ಮುನ್‌ಸ್ಕಲ್ ಎಂಬ ಸಂಸ್ಥೆ ನಡೆಸುತ್ತದೆ. ಡಬ್ಲಿನ್ ಶಾಲೆಗಳ ಅಂತಿಮ ಪಂದ್ಯಗಳು ದೇಶದ ಅತಿ ದೊಡ್ಡ ಕ್ರೀಡಾಂಗಣವಾದ ಕ್ರೋಕ್ ಪಾರ್ಕಿನಲ್ಲೇ ನಡೆಯುತ್ತವೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅಲ್ಲಿ ತನ್ನ ಶಾಲೆಯ ಜರ್ಸಿ ತೊಟ್ಟು ಓಡುವಾಗ ಊರಿಗೆ ಊರೇ ಗ್ಯಾಲರಿಯಲ್ಲಿರುತ್ತದೆ.

ಕ್ರಿಕೆಟ್ ತರಬೇತಿಗೆ ಸೇರಿಸಿದ್ದೇವೆ, ಇದು ಬೇಡ ಎನ್ನುವವರಿಗೆ ನಮ್ಮ ಸಲಹೆ: ಎರಡೂ ಇರಲಿ. ಊರಿನ ಮಕ್ಕಳ ಗೆಳೆತನ ಬೆಳೆಯುವುದು ಶನಿವಾರ ಬೆಳಗಿನ ಈ ಮೈದಾನದಲ್ಲಿ. ಪೋಷಕರಿಗೆ ಪರಸ್ಪರ ಪರಿಚಯವಾಗುವುದೂ ಅಲ್ಲಿಯೇ.

ಗಣಿತ ವಾರ, ವಿಜ್ಞಾನ ವಾರ, ಹಸಿರು ಬಾವುಟ ಇವೆಲ್ಲ ಏನು?

ಗಣಿತ ವಾರ 2006ರಿಂದ ಅಕ್ಟೋಬರ್ ಮಧ್ಯದಲ್ಲಿ, ವಿಜ್ಞಾನ ವಾರ 1996ರಿಂದ ನವೆಂಬರಿನಲ್ಲಿ ದೇಶಾದ್ಯಂತ ನಡೆಯುತ್ತಿವೆ. ಒಗಟು, ಅಂಗಳದಲ್ಲಿ ಆಕಾರಗಳ ಹುಡುಕಾಟ, ಸಣ್ಣ ಪ್ರಯೋಗಗಳು ಇವುಗಳ ತಿರುಳು. ಹಸಿರು ಶಾಲೆ ಎಂಬುದು ಆನ್ ತಾಷ್ಕ ಸಂಸ್ಥೆ ನಡೆಸುವ ಪರಿಸರ ಕಾರ್ಯಕ್ರಮ. ಕಸ, ವಿದ್ಯುತ್, ನೀರು, ಪ್ರಯಾಣ, ಜೀವವೈವಿಧ್ಯ ಹೀಗೆ ಒಂದೊಂದು ವಿಷಯದ ಮೇಲೆ ಕೆಲಸ ಮಾಡಿದ ಶಾಲೆಗೆ ಹಸಿರು ಬಾವುಟ ದೊರೆಯುತ್ತದೆ. ಸೆಪ್ಟೆಂಬರಿನಲ್ಲಿ ಪ್ರತಿ ತರಗತಿಯಿಂದ ಮಕ್ಕಳನ್ನು ಇದರ ಸಮಿತಿಗೆ ಆರಿಸುತ್ತಾರೆ. ಮಗು ಆಯ್ಕೆಯಾದರೆ ಓದು ಹಾಳಾಗುತ್ತದೆ ಎಂದು ಹಿಂದೆಗೆಯಬೇಡಿ.

ಹ್ಯಾಲೋವೀನ್ ದೆವ್ವದ ಹಬ್ಬವಲ್ಲವೇ? ಶಾಲೆಯಲ್ಲಿ ಏಕೆ ಆಚರಿಸುತ್ತಾರೆ?

ಇದು ಅಮೆರಿಕದಿಂದ ಬಂದ ಹಬ್ಬವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಇದರ ಬೇರು ಐರ್ಲೆಂಡಿನಲ್ಲಿಯೇ ಇದೆ. ಸುಗ್ಗಿ ಮುಗಿದು ಚಳಿಗಾಲ ಆರಂಭವಾಗುವ ಸಂಧಿಕಾಲದ ಹಬ್ಬ ಸವಿನ್. ಆ ರಾತ್ರಿ ಸತ್ತವರ ಲೋಕಕ್ಕೂ ಬದುಕಿರುವವರ ಲೋಕಕ್ಕೂ ನಡುವಿನ ತೆರೆ ತೆಳ್ಳಗಾಗುತ್ತದೆ ಎಂಬ ನಂಬಿಕೆಯಿತ್ತು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ಮನೆಯಿಂದ ಬಂದವರಿಗೆ ಈ ಭಾವನೆ ಅಪರಿಚಿತವೆನಿಸಬೇಕಿಲ್ಲ.

ಕುಂಬಳಕಾಯಿಯ ದೀಪ ಬರುವ ಮೊದಲು ಇಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ಬೆಂಕಿಯಿಡುತ್ತಿದ್ದರು. ಮೇಯೊ ಕೌಂಟಿಯ ಕ್ಯಾಸಲ್‌ಬಾರ್ ಬಳಿಯ ಟರ್ಲೊ ಪಾರ್ಕಿನಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಡೊನೆಗಾಲ್ ಕೌಂಟಿಯ ಅಂಥದೊಂದು ಗೆಡ್ಡೆಮೊಗದ ಅಚ್ಚು ಇದೆ. ಸುಕ್ಕುಗಟ್ಟಿದ ಹಣೆ, ಒಡಕು ಹಲ್ಲುಗಳ ಆ ಮುಖ ಇಂದಿನ ಯಾವ ಪ್ಲಾಸ್ಟಿಕ್ ಮುಖವಾಡಕ್ಕಿಂತಲೂ ಭಯಂಕರವಾಗಿದೆ. ಒಣದ್ರಾಕ್ಷಿ ಹಾಕಿದ ಬಾರ್ಮ್‌ಬ್ರ್ಯಾಕ್ ಎಂಬ ಬ್ರೆಡ್ಡಿನೊಳಗೆ ಉಂಗುರ ಅಡಗಿಸಿಟ್ಟಿರುತ್ತಾರೆ. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರಿಗೆ ವರ್ಷದೊಳಗೆ ಮದುವೆ ಎಂಬುದು ಪ್ರತೀತಿ. ಸಣ್ಣ ಮಕ್ಕಳಿಗೆ ಕೊಡುವ ಮುನ್ನ ಉಂಗುರವನ್ನು ಹುಡುಕಿ ತೆಗೆಯಿರಿ. ದಾರದಲ್ಲಿ ತೂಗುಬಿಟ್ಟ ಸೇಬನ್ನು ಕೈ ಬಳಸದೆ ಕಚ್ಚುವ ಆಟವೂ ಇದೆ.

ಮಧ್ಯಾವಧಿ ರಜೆಗೆ ಮುಂಚಿನ ಕೊನೆಯ ದಿನ ಮಕ್ಕಳು ವೇಷ ಹಾಕಿಕೊಂಡು ಬರುತ್ತಾರೆ. ದುಬಾರಿ ಉಡುಪು ಬೇಕಿಲ್ಲ. ಹಳೆಯ ಪಂಚೆ, ಅಜ್ಜಿಯ ಶಾಲು, ಮುಖಕ್ಕೆ ಸ್ವಲ್ಪ ಬಣ್ಣ ಇದ್ದರೂ ಸಾಕು. ಆಯುಧಗಳ ಆಟಿಕೆ ಮತ್ತು ಚಿಕ್ಕವರನ್ನು ಹೆದರಿಸುವ ಮುಖವಾಡಗಳನ್ನು ಸಾಮಾನ್ಯವಾಗಿ ಬೇಡವೆನ್ನುತ್ತಾರೆ.

ಈ ಹೊತ್ತಿನಲ್ಲಿ ಶಿಕ್ಷಕರು ಕೊಡುವ ಮನೆಗೆಲಸವೊಂದನ್ನು ನಾವು ವಿಶೇಷವಾಗಿ ಎತ್ತಿ ಹೇಳಬಯಸುತ್ತೇವೆ. ಅಜ್ಜ ಅಜ್ಜಿಯರನ್ನು ಕೇಳಿ ಹಳೆಯ ಆಚರಣೆಗಳನ್ನು ಬರೆದು ತನ್ನಿ ಎಂದು ಅನೇಕ ಶಾಲೆಗಳಲ್ಲಿ ಹೇಳುತ್ತಾರೆ. ಇದರ ಹಿಂದೆ ದೊಡ್ಡ ಪರಂಪರೆಯಿದೆ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗವು ಪ್ರಾಥಮಿಕ ಶಾಲೆಯ ಹಿರಿಯ ತರಗತಿಗಳ ಮಕ್ಕಳಿಂದ ಅವರ ಊರಿನ ಕಥೆ, ಔಷಧಿ, ಆಟ, ಹಬ್ಬಗಳನ್ನು ಬರೆಯಿಸಿತು. ಸುಮಾರು 5,000 ಶಾಲೆಗಳ ಸುಮಾರು 50,000 ಮಕ್ಕಳು ತಮ್ಮ ಮನೆಯ, ನೆರೆಮನೆಯ ಹಿರಿಯರಿಂದ ಕೇಳಿ ಬರೆದದ್ದು ಒಟ್ಟು ಏಳು ಲಕ್ಷ ಪುಟಗಳನ್ನು ಮೀರಿದೆ. ಅದು ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ಲಭ್ಯ. ನಿಮ್ಮ ಮಗುವಿಗೆ ಇಂಥ ಮನೆಗೆಲಸ ಬಂದಾಗ ಇಲ್ಲಿ ನಮಗೆ ಯಾರಿದ್ದಾರೆ ಎಂದು ಖಾಲಿ ಹಾಳೆ ಕಳುಹಿಸಬೇಡಿ. ಹಾವೇರಿಯಲ್ಲೋ ಶಿವಮೊಗ್ಗದಲ್ಲೋ ಇರುವ ಅಜ್ಜಿಗೆ ವಿಡಿಯೊ ಕರೆ ಮಾಡಿ, ಸೀಗಿ ಹುಣ್ಣಿಮೆಯಂದೋ ಭೂಮಿ ಹುಣ್ಣಿಮೆಯಂದೋ ಹೊಲಕ್ಕೆ ಚರಗ ಚೆಲ್ಲುವುದು ಹೇಗೆಂದು ಕೇಳಿಸಿ, ಮಗುವಿನ ಕೈಯಲ್ಲೇ ಬರೆಯಿಸಿ. ಅದೂ ಇದೇ ಕಾಲದ, ನೆಲದ ಬೆಳೆಯ ಹಬ್ಬ. ಐರಿಷ್ ಮಕ್ಕಳು ಅದನ್ನು ಕಣ್ಣರಳಿಸಿ ಕೇಳುತ್ತಾರೆ.

ದೀಪಾವಳಿಗೆ ರಜೆ ಸಿಗುತ್ತದೆಯೇ? ತರಗತಿಯಲ್ಲಿ ಆಚರಿಸಬಹುದೇ?

ಅಧಿಕೃತ ರಜೆ ಇಲ್ಲ. ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಕಾರಣ ತಿಳಿಸಿ ಸಂದೇಶ ಕಳುಹಿಸಬೇಕು. ಅದು ಗೈರುಹಾಜರಿಯೆಂದೇ ದಾಖಲಾಗುತ್ತದೆ. ತರಗತಿಯಲ್ಲಿ ಹಬ್ಬದ ಬಗ್ಗೆ ಮಾತನಾಡಲು ಪೋಷಕರು ಮುಂದೆ ಬಂದರೆ ಹೆಚ್ಚಿನ ಶಿಕ್ಷಕರು ಸಂತೋಷದಿಂದ ಒಪ್ಪುತ್ತಾರೆ. ಎರಡು ವಾರ ಮೊದಲೇ ಕೇಳಿ. 2025ರಲ್ಲಿ ಹಬ್ಬ ಮಧ್ಯಾವಧಿ ರಜೆಯ ಹಿಂದಿನ ವಾರವೇ ಬಂದಿದ್ದರಿಂದ ಹ್ಯಾಲೋವೀನ್ ಸಿದ್ಧತೆಯ ನಡುವೆ ಸಮಯ ಹೊಂದಿಸುವುದು ಬಿಗಿಯಾಗಿತ್ತು. ನಿಜವಾದ ಬೆಂಕಿಗೆ ಅವಕಾಶವಿಲ್ಲವಾದ್ದರಿಂದ ಬ್ಯಾಟರಿ ದೀಪಗಳನ್ನು ಬಳಸಿ. ಅಂಗಳದಲ್ಲಿ ಬಣ್ಣದ ಸೀಮೆಸುಣ್ಣದಿಂದ ಚುಕ್ಕಿ ರಂಗೋಲಿ ಬಿಡಿಸಲು ಮಕ್ಕಳಿಗೆ ಹೇಳಿಕೊಟ್ಟರೆ ಅದು ಅವರಿಗೆ ಆಟವೂ ಹೌದು, ಗಣಿತವೂ ಹೌದು. ಸಿಹಿ ಹಂಚುವ ಮೊದಲು ಶಾಲೆಯ ಅನುಮತಿ ಪಡೆಯಿರಿ. ಗೋಡಂಬಿ ಬರ್ಫಿ ಎಷ್ಟೇ ರುಚಿಯಾಗಿದ್ದರೂ ಬೇಡ.

ಪಟಾಕಿಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಐರ್ಲೆಂಡ್ ಗಣರಾಜ್ಯದಲ್ಲಿ ಪರವಾನಗಿಯಿಲ್ಲದೆ ಪಟಾಕಿ ಇಟ್ಟುಕೊಳ್ಳುವುದೇ ಅಪರಾಧ. ಸುರ್‌ಸುರ್‌ಬತ್ತಿಯಂಥ ತೀರಾ ಸಣ್ಣ ಬಗೆಯವುಗಳಿಗೆ ಮಾತ್ರ ವಿನಾಯಿತಿ.

ಶಾಲೆ ಕ್ಯಾಥೊಲಿಕ್ ಆಡಳಿತದ್ದು. ನಮ್ಮ ಮಗು ಧರ್ಮಪಾಠಕ್ಕೆ ಕೂರಲೇಬೇಕೇ?

ಬೇಕಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಪ್ರಾಥಮಿಕ ಶಾಲೆಗಳು ಕ್ಯಾಥೊಲಿಕ್ ಆಶ್ರಯದಲ್ಲಿರುವುದರಿಂದ ಈ ಪ್ರಶ್ನೆ ಎಲ್ಲರಿಗೂ ಎದುರಾಗುತ್ತದೆ. 1998ರ ಶಿಕ್ಷಣ ಕಾಯ್ದೆಯ ಪ್ರಕಾರ ಪೋಷಕರ ಅಂತಃಸಾಕ್ಷಿಗೆ ವಿರುದ್ಧವಾದ ಬೋಧನೆಗೆ ಮಗುವನ್ನು ಒತ್ತಾಯಿಸುವಂತಿಲ್ಲ. ಎರಡನೆಯ ತರಗತಿಯಲ್ಲಿ ಪ್ರಥಮ ಕಮ್ಯೂನಿಯನ್, ಆರನೆಯ ತರಗತಿಯಲ್ಲಿ ದೃಢೀಕರಣ ಎಂಬ ಕ್ರೈಸ್ತ ಸಂಸ್ಕಾರಗಳು ನಡೆಯುವುದರಿಂದ ಅವುಗಳ ಸಿದ್ಧತೆ ಈ ಅವಧಿಯಲ್ಲೇ ಆರಂಭವಾಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಮಗು ಏನು ಮಾಡುತ್ತದೆ, ಓದುತ್ತದೆಯೇ, ಚಿತ್ರ ಬರೆಯುತ್ತದೆಯೇ, ಎಲ್ಲಿ ಕೂರುತ್ತದೆ ಎಂಬುದನ್ನು ಸೆಪ್ಟೆಂಬರಿನಲ್ಲೇ ಮಾತಾಡಿ ನಿಶ್ಚಯಿಸಿಕೊಳ್ಳಿ. ಹೊರಗಿಟ್ಟಂತೆ ಭಾಸವಾಗುವ ಮಗುವಿನ ಬೇಸರ ಸಣ್ಣದಲ್ಲ. ಅದನ್ನು ಶಿಕ್ಷಕರಿಗೆ ಹೇಳಲು ಹಿಂಜರಿಯಬಾರದು. ಎಜುಕೇಟ್ ಟುಗೆದರ್ ಶಾಲೆಗಳು ಮತ್ತು ಸಮುದಾಯ ರಾಷ್ಟ್ರೀಯ ಶಾಲೆಗಳು ಎಲ್ಲ ನಂಬಿಕೆಗಳ ಮಕ್ಕಳಿಗೆ ಸಮಾನವಾದ ಪಠ್ಯಕ್ರಮವನ್ನು ಅನುಸರಿಸುತ್ತವೆ.

ನವೆಂಬರಿನ ಪೋಷಕರ ಸಭೆಯಲ್ಲಿ ಏನು ಕೇಳಬೇಕು?

ನಿಮಗೆ ಸಿಗುವುದು ಸುಮಾರು ಹತ್ತು ನಿಮಿಷ. ಮಗು ತರಗತಿಯಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಆ ಲೆಕ್ಕವನ್ನು ಅವರು ಇಡುವುದಿಲ್ಲ. ಓದುವ ಪುಸ್ತಕದ ಮಟ್ಟ ಹೇಗಿದೆ, ಬಿಡುವಿನಲ್ಲಿ ಯಾರ ಜೊತೆ ಆಡುತ್ತದೆ, ಗುಂಪಿನಲ್ಲಿ ಮಾತನಾಡುತ್ತದೆಯೇ, ಮನೆಯಲ್ಲಿ ನಾವು ಯಾವ ಒಂದು ವಿಷಯಕ್ಕೆ ಗಮನ ಕೊಡಬೇಕು ಎಂದು ಕೇಳಿ. ಶಿಕ್ಷಕರು ವಿಷಯವನ್ನು ಬಹಳ ಮೃದುವಾಗಿ ಹೇಳುವ ರೂಢಿಯಿದೆ. ಇನ್ನೂ ಸ್ವಲ್ಪ ಅಭ್ಯಾಸ ಬೇಕಾಗಬಹುದು ಎಂದರೆ ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಿ. ಎರಡು, ನಾಲ್ಕು ಮತ್ತು ಆರನೆಯ ತರಗತಿಗಳಿಗೆ ಇಂಗ್ಲಿಷ್ ಓದು ಮತ್ತು ಗಣಿತದ ಪ್ರಮಾಣೀಕೃತ ಪರೀಕ್ಷೆಗಳಿವೆ. ಅವು ವರ್ಷದ ಕೊನೆಯಲ್ಲಿ ನಡೆಯುತ್ತವೆ. ಲಿಖಿತ ವರದಿ ಜೂನ್‌ನಲ್ಲಿ ಬರುತ್ತದೆ.

ಲಸಿಕೆ ಮತ್ತು ಹೇನಿನ ಬಗ್ಗೆ ಪತ್ರ ಬಂದಿದೆ. ಏನು ಮಾಡಬೇಕು?

ಜೂನಿಯರ್ ಇನ್ಫಂಟ್ಸ್ ಮಕ್ಕಳಿಗೆ ಸರ್ಕಾರದ ಆರೋಗ್ಯ ಸೇವೆಯ ತಂಡ ಶಾಲೆಗೇ ಬಂದು ಲಸಿಕೆ ಹಾಕುತ್ತದೆ. ಕೆಲವು ಕೌಂಟಿಗಳಲ್ಲಿ ಮಾತ್ರ ಕುಟುಂಬ ವೈದ್ಯರಲ್ಲಿ ಹಾಕಿಸಬೇಕು. ಒಪ್ಪಿಗೆ ಪತ್ರ ತುಂಬುವ ಮೊದಲು ಭಾರತದ ತಾಯಿ ಕಾರ್ಡಿನಲ್ಲಿ ಯಾವ ಲಸಿಕೆಗಳು ಯಾವ ದಿನ ಆಗಿವೆ ಎಂದು ನೋಡಿ ಬರೆಯಿರಿ. ಫ್ಲೂ ಕಾಯಿಲೆಗೆ ಮೂಗಿನಲ್ಲಿ ಸಿಂಪಡಿಸುವ ಲಸಿಕೆ 2ರಿಂದ 17 ವರ್ಷದವರಿಗೆ ಉಚಿತ. ಹೇನಿನ ಪತ್ರ ಇಡೀ ತರಗತಿಗೆ ಹೋಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಬಾಚಣಿಗೆಯಲ್ಲಿ ಬಾಚಿ, ಉದ್ದ ಕೂದಲಿಗೆ ಜಡೆ ಹಾಕಿ ಕಳುಹಿಸಿ.

ಡಿಸೆಂಬರಿನಲ್ಲಿ ಏನೇನು ನಡೆಯುತ್ತದೆ?

ನವೆಂಬರ್ ಮೊದಲಲ್ಲೇ ಟೀಮ್ ಹೋಪ್ ಸಂಸ್ಥೆಯ ಶೂ ಡಬ್ಬಿ ಅಭಿಯಾನ ಮುಗಿಯುತ್ತದೆ. ಖಾಲಿ ಶೂ ಡಬ್ಬಿಯಲ್ಲಿ ತೊಡಲು ಒಂದು, ಸ್ವಚ್ಛತೆಗೆ ಒಂದು, ಬರೆಯಲು ಒಂದು, ಖುಷಿಗೆ ಒಂದು ಎಂದು ನಾಲ್ಕು ಬಗೆಯ ವಸ್ತುಗಳನ್ನಿಟ್ಟು ಬಡ ದೇಶಗಳ ಮಕ್ಕಳಿಗೆ ಕಳುಹಿಸುತ್ತಾರೆ. ಡಬ್ಬಿಗೆ ಕಾಗದ ಅಂಟಿಸುವುದರಿಂದ ಹಿಡಿದು ಟೂತ್‌ಬ್ರಷ್ ಆರಿಸುವವರೆಗೆ ಎಲ್ಲವನ್ನೂ ಮಗುವೇ ಮಾಡಲಿ. ಆಮೇಲೆ ಕ್ರಿಸ್ಮಸ್ ನಾಟಕದ ತಾಲೀಮು ಶುರುವಾಗುತ್ತದೆ. ಏಸುವಿನ ಜನನದ ದೃಶ್ಯದಲ್ಲಿ ಕುರುಬನಾಗಿಯೋ ನಕ್ಷತ್ರವಾಗಿಯೋ ನಿಲ್ಲುವ ಅವಕಾಶ ಎಲ್ಲ ಮಕ್ಕಳಿಗೂ ಸಿಗುತ್ತದೆ. ಧಾರ್ಮಿಕ ಕಾರಣಕ್ಕೆ ಬೇಡವೆನ್ನುವ ಹಕ್ಕು ನಿಮಗಿದೆ. ಆದರೂ ಸಾಧ್ಯವಾದರೆ ಮಗುವನ್ನು ವೇದಿಕೆ ಹತ್ತಲು ಬಿಡಿ ಎಂದು ನಾವು ಕೇಳಿಕೊಳ್ಳುತ್ತೇವೆ. ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ಬಿಡದಿದ್ದ ಎಷ್ಟೋ ಮಕ್ಕಳ ಮೊದಲ ಇಂಗ್ಲಿಷ್ ವಾಕ್ಯ ಹೊರಬರುವುದು ಆ ವೇದಿಕೆಯ ಮೇಲೆ.

ಡಿಸೆಂಬರ್ ಆರಂಭದಲ್ಲೇ ಊರಿಗೆ ಹೊರಟರೆ ಆಗುತ್ತದೆಯೇ? ಟಿಕೆಟ್ ಅಗ್ಗ.

ಶಾಲೆಗೆ ಇದನ್ನು ಮಂಜೂರು ಮಾಡುವ ಅಧಿಕಾರವಿಲ್ಲ; ಪೋಷಕರು ತಿಳಿಸಬಹುದು, ಶಾಲೆ ದಾಖಲಿಸಿಕೊಳ್ಳುತ್ತದೆ. ಶಾಲಾ ವರ್ಷವೊಂದರಲ್ಲಿ ಮಗು 20 ದಿನ ತಪ್ಪಿಸಿಕೊಂಡರೆ ಮಕ್ಕಳ ಮತ್ತು ಕುಟುಂಬ ಸಂಸ್ಥೆಯಾದ ಟುಸ್ಲಾಗೆ ವರದಿ ಮಾಡುವುದು ಶಾಲೆಯ ಕಾನೂನುಬದ್ಧ ಕರ್ತವ್ಯ. ಜ್ವರ ಶೀತದ ದಿನಗಳೂ ಈ 20ರಲ್ಲಿ ಸೇರುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ವರದಿ ಹೋಯಿತೆಂದರೆ ದಂಡ ಬೀಳುತ್ತದೆ ಎಂದಲ್ಲ. ಮೊದಲು ಕಾರಣ ವಿಚಾರಿಸುತ್ತಾರೆ. ಅಜ್ಜ ಅಜ್ಜಿಯ ಅನಾರೋಗ್ಯ, ಮನೆಯ ಮದುವೆ ಇಂಥ ಸಂದರ್ಭಗಳನ್ನು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ ಹೋಗಿ. ಕೇವಲ ಟಿಕೆಟ್ಟಿನ ದರಕ್ಕಾಗಿ ಎರಡು ವಾರ ಬಿಡಿಸುವುದನ್ನು ನಾವು ಒಪ್ಪಲಾರೆವು. ತಾಲೀಮು ಮಾಡಿದ ನಾಟಕವನ್ನೇ ಮಗು ಕಳೆದುಕೊಳ್ಳುತ್ತದೆ.

ಮುಂದಿನ ವರ್ಷ ಚಿಕ್ಕವಳನ್ನು ಸೇರಿಸಬೇಕು, ದೊಡ್ಡವನು ಆರನೆಯ ತರಗತಿಯಲ್ಲಿದ್ದಾನೆ. ಈಗಲೇ ಏನಾದರೂ ಮಾಡಬೇಕೇ?

ಈಗಲೇ ಮಾಡಬೇಕು. ಮುಂದಿನ ಸೆಪ್ಟೆಂಬರಿನ ಪ್ರವೇಶಕ್ಕೆ ಶಾಲೆಗಳು ಹಿಂದಿನ ವರ್ಷದ ಅಕ್ಟೋಬರ್ 1ಕ್ಕಿಂತ ಮೊದಲು ಅರ್ಜಿ ತೆಗೆದುಕೊಳ್ಳುವಂತಿಲ್ಲ. ಅದರ ನಂತರ ತೆರೆಯುವ ಅವಧಿ ಕೆಲವೇ ವಾರಗಳದ್ದಾಗಿರುತ್ತದೆ. ತಡವಾದ ಅರ್ಜಿ ಪಟ್ಟಿಯ ಕೊನೆಗೆ ಹೋಗುತ್ತದೆ. ಅಣ್ಣ ಅಥವಾ ಅಕ್ಕ ಅದೇ ಶಾಲೆಯಲ್ಲಿರುವವರಿಗೆ ಬಹುತೇಕ ಕಡೆ ಆದ್ಯತೆಯಿದೆ, ಆದರೆ ಅರ್ಜಿ ಹಾಕದಿದ್ದರೆ ಆದ್ಯತೆಯೂ ಇಲ್ಲ. ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಕ್ಯಾಥೊಲಿಕ್ ಶಾಲೆಗಳು ಪ್ರವೇಶದ ಮಾನದಂಡವಾಗಿ ಬಳಸುವುದನ್ನು 2018ರ ಕಾಯ್ದೆ ತೆಗೆದುಹಾಕಿದೆ. ಆರನೆಯ ತರಗತಿಯವರಿಗೆ ಮಾಧ್ಯಮಿಕ ಶಾಲೆಗಳ ಅರ್ಜಿ ಮತ್ತು ಮುಕ್ತ ವೀಕ್ಷಣೆಯ ಸಂಜೆಗಳು ಸಹ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲೇ ಬರುತ್ತವೆ. ಪ್ರತಿ ಶಾಲೆಯ ವಾರ್ಷಿಕ ಪ್ರವೇಶ ಪ್ರಕಟಣೆಯಲ್ಲಿ ಆರಂಭದ ಮತ್ತು ಕೊನೆಯ ದಿನಾಂಕಗಳೆರಡೂ ಇರುತ್ತವೆ. ವಿಳಾಸದ ಪುರಾವೆ ಮತ್ತು ಮಗುವಿನ ಜನನ ಪ್ರಮಾಣಪತ್ರದ ಪ್ರತಿಯನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು, ಅರ್ಜಿ ತಲುಪಿದ್ದಕ್ಕೆ ಶಾಲೆಯಿಂದ ಬರುವ ಸ್ವೀಕೃತಿಯನ್ನು ಜೋಪಾನವಾಗಿಡಿ.